ಎಡಿಎಚ್‌ಡಿ ಇದೆ ಅಂತ ಗೊತ್ತಾಯಿತು. ಮನೆಯವರಿಗೆ, ಗೆಳತಿಯರಿಗೆ ಹೇಗೆ ಹೇಳಿದಿರಿ?

ಅರ್ಧಕ್ಕೆ_ನಿಂತವಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಗಬಹುದು, ಸಹಿಸಿಕೊಳ್ಳಿ.

ನನಗೆ ಮೂವತ್ತನಾಲ್ಕು ವರ್ಷ. ಇತ್ತೀಚೆಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ಆತುರ ಚಿಕ್ಕಂದಿನಿಂದಲೇ ಇರುವ ತೊಂದರೆ) ಡಯಾಗ್ನೋಸಿಸ್ ಆಯಿತು. ಗಮನ ನಿಲ್ಲದ ಬಗೆಯದು, ಕೂತಲ್ಲಿ ಕೂರಲಾಗದೆ ಓಡಾಡುವ ಬಗೆಯದಲ್ಲ. ಹೊರಗಿನಿಂದ ನೋಡುವವರಿಗೆ ನಾನು ಶಾಂತ ಸ್ವಭಾವದವಳು, ಸ್ವಲ್ಪ ಮರೆವು ಜಾಸ್ತಿ, ಸ್ವಲ್ಪ ಸೋಮಾರಿ, ಅಷ್ಟೇ. ಡಾಕ್ಟರ್ ವಿಷಯ ಹೇಳಿದಾಗ ಮೊದಲು ನಿರಾಳವಾಯಿತು, ಆಮೇಲೆ ಸಿಟ್ಟು ಬಂತು, ಈಗ ಎರಡೂ ಒಟ್ಟಿಗೆ ಇವೆ.

ಗಂಡನಿಗೆ ಗೊತ್ತು, ಜೊತೆಗೇ ಬಂದಿದ್ದರು. ಸಮಸ್ಯೆ ಉಳಿದವರದು. ಡಾಕ್ಟರ್ ಚಿಕ್ಕಂದಿನಲ್ಲಿ ಹೇಗಿದ್ದಿರಿ ಅಂತ ತಿಳಿಯಬೇಕು ಅಂದಾಗ ಅಮ್ಮನ ಹತ್ತಿರ ಏನೋ ನೆಪ ಹೇಳಿ ಹಳೇ ಶಾಲೆ ರಿಪೋರ್ಟ್ ಕಾರ್ಡುಗಳನ್ನು ತರಿಸಿಕೊಂಡಿದ್ದೆ. ಅವುಗಳಲ್ಲಿ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಮಾತು: ಬುದ್ಧಿವಂತೆ, ಆದರೆ ಪಾಠದ ಕಡೆ ಗಮನ ಇಲ್ಲ. ಈಗ ಅಮ್ಮ ಫೋನ್ ಮಾಡಿದಾಗಲೆಲ್ಲ "ಆ ಕಾರ್ಡು ಯಾಕೆ ಬೇಕಿತ್ತೇ?" ಅಂತ ಕೇಳುತ್ತಾಳೆ. ಹೇಳಿದರೆ ಅಳುತ್ತಾಳೆ ಅಂತ ಗೊತ್ತು. ಅಣ್ಣನಿಗೆ ಹೇಳಿದರೆ ಅವನು ಎಲ್ಲರೆದುರು ತಮಾಷೆ ಮಾಡುತ್ತಾನೆ. ಇಬ್ಬರು ಗೆಳತಿಯರಿದ್ದಾರೆ, ಕಾಲೇಜಿನಿಂದ ಜೊತೆಗಿದ್ದವರು, ನಾನು ಮೆಸೇಜಿಗೆ ಉತ್ತರ ಕೊಡುವುದಿಲ್ಲ ಅಂತ ಅವರಲ್ಲಿ ಒಬ್ಬಳು ಸುಮಾರು ದೂರವೇ ಆಗಿದ್ದಾಳೆ. ಅವಳಿಗೆ ಮಾತ್ರ ಹೇಳಲೇಬೇಕು ಅನ್ನಿಸುತ್ತಿದೆ, ಆದರೆ ಈಗ ಹೇಳಿದರೆ ನೆಪ ಅಂದುಕೊಳ್ಳುವುದಿಲ್ಲವಾ?

ಯಾರಿಗೆ ಮೊದಲು ಹೇಳಿದಿರಿ? ಏನು ಹೇಳಿದಿರಿ, ಅಂದರೆ ಬಾಯಿಂದ ನಿಜವಾಗಿ ಯಾವ ಮಾತು ಬಂತು? ಮಾತ್ರೆ ತೆಗೆದುಕೊಳ್ಳುವ ವಿಷಯ ಕೂಡ ಹೇಳಬೇಕಾ? ಹೇಳದೇ ಇದ್ದುಬಿಟ್ಟವರು ಯಾರಾದರೂ ಇದ್ದೀರಾ?

ನಿಧಾನಿ

ನನಗೆ ನಲವತ್ತು ದಾಟಿದ ಮೇಲೆ ಗೊತ್ತಾಗಿದ್ದು. ಆ ಸಿಟ್ಟು ಸ್ವಲ್ಪ ಕಾಲ ಇರುತ್ತದೆ. ಮೊದಲೇ ಯಾರಾದರೂ ನೋಡಿ ಹೇಳಿದ್ದರೆ ಏನೇನು ಆಗುತ್ತಿತ್ತು ಅನ್ನುವ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರುತ್ತದೆ. ನನ್ನ ಮೊದಲ ಮಾತು ಇದೇ: ಸಿಟ್ಟು ಬಿಸಿಯಾಗಿರುವಾಗ ಅಮ್ಮನಿಗೆ ಹೇಳಬೇಡಿ. ಆಗ ನೀವು ಎಷ್ಟು ಮೆತ್ತಗೆ ಹೇಳಿದರೂ ಅವರಿಗೆ ಅದು ದೂರಿನ ಹಾಗೇ ಕೇಳಿಸುತ್ತದೆ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ನಮ್ಮಂಥವರಿಗೆ ಹೇಳುವುದಕ್ಕಿಂತ ಹೇಳದೆ ಇರುವುದು ಕಷ್ಟ. ಮನಸ್ಸಿಗೆ ಬಂದಿದ್ದು ಬಾಯಿಗೆ ಬಂದುಬಿಡುತ್ತದೆ. ಡಯಾಗ್ನೋಸಿಸ್ ಆದ ಹೊಸದರಲ್ಲಿ ನಾವು ರಾತ್ರಿಯೆಲ್ಲಾ ಕೂತು ಅದರ ಬಗ್ಗೆಯೇ ಓದುತ್ತೇವೆ, ನೋಡುತ್ತೇವೆ, ಬೆಳಿಗ್ಗೆ ಎದುರಿಗೆ ಸಿಕ್ಕವರಿಗೆಲ್ಲಾ ಅದನ್ನೇ ಹೇಳಬೇಕು ಅನ್ನಿಸುತ್ತದೆ. ಕೇಳುವವರಿಗೆ ಅದು ಹೊಸ ಹುಚ್ಚಿನ ಹಾಗೆ ಕಾಣುತ್ತದೆ. ಅವರ ತಪ್ಪಲ್ಲ, ನಮ್ಮ ಹಳೆಯ ಹವ್ಯಾಸಗಳೆಲ್ಲಾ ಹಾಗೇ ಶುರುವಾಗಿ ಅರ್ಧಕ್ಕೇ ನಿಂತಿದ್ದನ್ನು ಅವರು ನೋಡಿದ್ದಾರಲ್ಲ! ನಿಮ್ಮ ಹೆಸರು ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

ಹಾಗಾಗಿ ಒಂದು ಪ್ರಶ್ನೆ ಹಾಕಿಕೊಳ್ಳಿ. ಈ ಮನುಷ್ಯನಿಗೆ ಹೇಳಿದ ಮೇಲೆ ನನಗೆ ಅವರಿಂದ ಏನು ಬೇಕು? ಗಂಡನಿಂದ ಬೇಕಾಗಿದ್ದು ದಿನದ ಕೆಲಸದಲ್ಲಿ ಬದಲಾವಣೆ. ಗೆಳತಿಯಿಂದ ಬೇಕಾಗಿದ್ದು ಇನ್ನೊಂದು ಅವಕಾಶ. ಅಮ್ಮನಿಂದ ಬಹುಶಃ "ನೀನು ಸೋಮಾರಿ ಆಗಿರಲಿಲ್ಲ" ಅನ್ನುವ ಒಂದು ಮಾತು. ಅಣ್ಣನಿಂದ? ಏನೂ ಬೇಡ ಅಂತಿದ್ದರೆ ಅವನಿಗೆ ಈಗ ಹೇಳುವ ಅಗತ್ಯವೇ ಇಲ್ಲ. ಬೇಕಾಗಿದ್ದು ಏನು ಅಂತ ಗೊತ್ತಾದರೆ ಹೇಳಬೇಕಾದ ಮಾತು ತಾನಾಗೇ ಚಿಕ್ಕದಾಗುತ್ತದೆ.

ನಾನು ನನ್ನ ಗೆಳೆಯನಿಗೆ ಹೇಳಿದ್ದು ಇಷ್ಟು: "ನನಗೆ ಎಡಿಎಚ್‌ಡಿ ಇದೆಯಂತೆ, ಟೆಸ್ಟ್ ಆಯ್ತು. ಮೆಸೇಜ್ ನೋಡಿ, ಮನಸ್ಸಲ್ಲೇ ಉತ್ತರ ಕೊಟ್ಟು, ಕೊಟ್ಟೆ ಅಂದುಕೊಂಡು ಮರೆತುಬಿಡ್ತೀನಿ. ನಿನ್ನ ಮೇಲೆ ಅಸಡ್ಡೆ ಇಲ್ಲ. ಅರ್ಜೆಂಟ್ ಇದ್ದರೆ ಫೋನ್ ಮಾಡು, ಎತ್ತುತ್ತೀನಿ." ಅವನು ಎರಡು ಪ್ರಶ್ನೆ ಕೇಳಿದ, ಮಾತು ಬೇರೆ ಕಡೆ ಹೋಯಿತು. ನನಗೆ ಅಷ್ಟೇ ಬೇಕಾಗಿತ್ತು.

ಇರುವೆಸಾಲು

ನಾನು ಆ ಕಡೆಯವಳು. ನನ್ನ ಗಂಡನಿಗೆ ಎಡಿಎಚ್‌ಡಿ. ಕೇಳಿಸಿಕೊಂಡವರಿಗೆ ಹೇಗಿರುತ್ತದೆ ಅಂತ ಒಬ್ಬರಾದರೂ ಹೇಳಬೇಕಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

ಅವರು ಹೇಳಿದ ದಿನ ನನಗೆ ಕರುಣೆ ಬರಲಿಲ್ಲ. ನಿಜ ಹೇಳಬೇಕೆಂದರೆ ಕೋಪ ಬಂತು. ಅಷ್ಟು ವರ್ಷ ನಾನು ಹೇಳಿದ ಮಾತು ಇವರ ಕಿವಿಗೆ ಬೀಳುವುದಿಲ್ಲ, ನನಗೆ ಬೆಲೆ ಇಲ್ಲ, ಅದಕ್ಕೇ ಹೀಗೆ ಅಂತ ನಾನು ಒಂದು ಅರ್ಥ ಮಾಡಿಕೊಂಡು ಬದುಕಿದ್ದೆ. ಒಂದು ಸಂಜೆ ಬಂದು "ಅದಕ್ಕೆ ಕಾರಣ ಬೇರೆ" ಅಂದರೆ, ನನ್ನ ಅಷ್ಟೂ ವರ್ಷದ ಬೇಸರವನ್ನು ನಾನು ಎಲ್ಲಿ ಇಡಲಿ? ಅವರು ನಾನು ತಕ್ಷಣ ತಬ್ಬಿಕೊಳ್ಳುತ್ತೇನೆ ಅಂದುಕೊಂಡಿದ್ದರು. ನನಗೆ ಕೆಲವು ವಾರ ಬೇಕಾಯಿತು. ಆದ್ದರಿಂದ ನಿಮ್ಮ ಗೆಳತಿ ಹೇಳಿದ ಕೂಡಲೇ ಕರಗದಿದ್ದರೆ ಅವಳಿಗೆ ಅರ್ಥವಾಗಿಲ್ಲ ಅಂತ ತೀರ್ಮಾನಿಸಬೇಡಿ. ಅವಳಿಗೆ ನೋವಾಗಿದ್ದು ನಿಜ, ನೀವು ಬೇಕೂಂತ ಮಾಡಲಿಲ್ಲ ಅನ್ನುವುದೂ ನಿಜ. ಎರಡನ್ನೂ ಹೇಳಿ. ಎರಡನೆಯದನ್ನು ಮಾತ್ರ ಹೇಳಿದರೆ ಅದು ನೆಪವಾಗುತ್ತದೆ.

ಆಮೇಲೆ ಒಂದು ಕಾಲ ಬಂತು, ನಮ್ಮ ಮನೆಯಲ್ಲಿ ಏನೇ ಆದರೂ "ಅದು ಎಡಿಎಚ್‌ಡಿ ಕಣೇ" ಅನ್ನುವುದು. ಬಿಲ್ ಕಟ್ಟಲಿಲ್ಲ, ಎಡಿಎಚ್‌ಡಿ. ಬಾಗಿಲು ಹಾಕದೆ ಹೋದರು, ಎಡಿಎಚ್‌ಡಿ. ನಾನು ಒಂದು ದಿನ ಕೇಳಿದೆ, ಸರಿ ಕಾರಣ ಗೊತ್ತಾಯಿತು, ಮುಂದೇನು? ಅಲ್ಲಿಂದ ಬದಲಾಯಿತು. ಬಿಲ್ಲುಗಳನ್ನೆಲ್ಲಾ ಬ್ಯಾಂಕಿನಿಂದ ತಾನಾಗೇ ಕಟ್ ಆಗುವ ಹಾಗೆ ಮಾಡಿದರು. ಬಾಯಲ್ಲಿ ಹೇಳಿದ ಕೆಲಸ ನೆನಪಿರುವುದಿಲ್ಲ, ಬರೆದು ಕಳಿಸು ಅಂದರು, ನಾನು ಬರೆದು ಕಳಿಸುತ್ತೇನೆ. ಬೇಜಾರಿನ ಕೆಲಸ ಮಾಡುವಾಗ ಪಕ್ಕದಲ್ಲಿ ಸುಮ್ನೆ ಯಾರಾದರೂ ಕೂತಿದ್ದರೆ ಅವರಿಗೆ ಕೆಲಸ ಸಾಗುತ್ತದಂತೆ, ನಾನು ಪುಸ್ತಕ ಹಿಡಿದು ಕೂರುತ್ತೇನೆ. ಇದು ಅವರಿಗೊಬ್ಬರಿಗೇ ಅಲ್ಲ, ಎಷ್ಟೋ ಜನಕ್ಕೆ ಹೀಗೆ ಕೆಲಸ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು, ಅದಕ್ಕೆ ಬಾಡಿ ಡಬ್ಲಿಂಗ್ ಅಂತ ಹೆಸರೂ ಇದೆ.

ಆದರೆ ದಯವಿಟ್ಟು ಯಾರನ್ನೂ ನಿಮ್ಮ ಅಲಾರಂ ಮಾಡಿಕೊಳ್ಳಬೇಡಿ. ಇಡೀ ದಿನ ನೆನಪಿಸುತ್ತಾ ಇರುವುದು ನನ್ನ ಕೆಲಸವಾದಾಗ ನಾನು ಹೆಂಡತಿ ಅನ್ನುವುದು ಹೋಗಿ ಕ್ಲಾಸ್ ಟೀಚರ್ ಆಗಿದ್ದೆ. ಇಬ್ಬರಿಗೂ ಹಿಂಸೆ.

ಸುಮ್ನೆ_ಬಂದೆ

ಬೈಯಬೇಡಿ, ಒಂದು ಅನುಮಾನ. ಮರೆವು, ಗಮನ ಇಲ್ಲದಿರುವುದು, ಕೆಲಸ ಮುಂದೂಡುವುದು, ಇದು ಎಲ್ಲರಿಗೂ ಇರುವುದೇ ಅಲ್ವಾ? ಈಗ ಮೊಬೈಲ್ ಬಂದ ಮೇಲೆ ಯಾರಿಗೆ ತಾನೇ ಗಮನ ಇದೆ? ನನಗೂ ಹತ್ತು ನಿಮಿಷ ಒಂದು ಕಡೆ ಕೂತು ಓದಲು ಆಗುವುದಿಲ್ಲ. ಈಗ ಎಲ್ಲದಕ್ಕೂ ಒಂದೊಂದು ಹೆಸರು. ಮನೆಯವರಿಗೆ ಹೇಳಿ ಅವರ ನೆಮ್ಮದಿ ಕೆಡಿಸುವ ಬದಲು ಸ್ವಲ್ಪ ಶಿಸ್ತು ಬೆಳೆಸಿಕೊಂಡರೆ ಸಾಲದಾ? ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಹಳೇಪೆನ್ನು

@ಸುಮ್ನೆ_ಬಂದೆ, ಬೈಯುವುದಿಲ್ಲ. ನೀವು ಕೇಳಿದ್ದೇ ಒಳ್ಳೆಯದಾಯಿತು, ಯಾಕೆಂದರೆ ಪ್ರಶ್ನೆ ಹಾಕಿದವರಿಗೆ ಮನೆಯಲ್ಲಿ ಇದೇ ಮಾತು ಎದುರಾಗುವುದು.

ಎಲ್ಲರಿಗೂ ಇರುತ್ತದೆ ಅನ್ನುವುದು ಸುಳ್ಳಲ್ಲ. ಕೆಮ್ಮು ಕೂಡ ಎಲ್ಲರಿಗೂ ಬರುತ್ತದೆ. ಚಿಕ್ಕಂದಿನಿಂದ ಬಿಡದೆ ಕೆಮ್ಮುತ್ತಿರುವವನಿಗೆ "ನನಗೂ ಕೆಮ್ಮು ಬರುತ್ತಪ್ಪಾ" ಅಂದರೆ ಹೇಗೆ? ಡಾಕ್ಟರುಗಳು ನೋಡುವುದು ಒಂದೆರಡು ಲಕ್ಷಣವನ್ನಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಹೊಸ ಆವೃತ್ತಿ 2013ರಲ್ಲಿ ಬಂತು, ಅದರ ಪ್ರಕಾರ ದೊಡ್ಡವರಿಗೆ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು, ಇಲ್ಲವೇ ಚಡಪಡಿಕೆ, ಆತುರಕ್ಕೆ ಸಂಬಂಧಿಸಿದ ಒಂಬತ್ತರಲ್ಲಿ ಐದು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಮನೆ, ಕೆಲಸದ ಜಾಗ, ಗೆಳೆಯರ ನಡುವೆ, ಹೀಗೆ ಕನಿಷ್ಠ ಎರಡು ಕಡೆಯಾದರೂ ಇರಬೇಕು. ಬದುಕಿಗೆ ತೊಂದರೆ ಆಗುತ್ತಿರಬೇಕು. ಬೇರೆ ಯಾವುದೋ ಕಾರಣಕ್ಕೆ, ಆತಂಕ ಅಥವಾ ಖಿನ್ನತೆಯಿಂದ ಹೀಗಾಗುತ್ತಿಲ್ಲ ಅಂತಲೂ ನೋಡುತ್ತಾರೆ. ಅದಕ್ಕೇ ಇವರ ರಿಪೋರ್ಟ್ ಕಾರ್ಡು ಕೇಳಿದ್ದು. ಮೂವತ್ತನೇ ವಯಸ್ಸಿನಲ್ಲಿ ಮೊಬೈಲ್ ಹಿಡಿದು ಗಮನ ಕಳೆದುಕೊಂಡವನು ಈ ಜರಡಿಯಲ್ಲಿ ಉಳಿಯುವುದಿಲ್ಲ.

ಹೊಸ ಕಾಯಿಲೆ ಅನ್ನುವ ಮಾತಿಗೆ: ಜಾರ್ಜ್ ಸ್ಟಿಲ್ ಎಂಬ ಮಕ್ಕಳ ಡಾಕ್ಟರ್ ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದು 1902ರಲ್ಲಿ. ಚಾರ್ಲ್ಸ್ ಬ್ರಾಡ್ಲಿ ಎಂಬುವರು ಸ್ಟಿಮ್ಯುಲೆಂಟ್ (ಮಿದುಳನ್ನು ಚುರುಕುಗೊಳಿಸುವ) ಔಷಧಿ ಕೊಟ್ಟಾಗ ಮಕ್ಕಳು ಓದಿನಲ್ಲಿ ಸುಧಾರಿಸಿದ್ದನ್ನು ಬರೆದಿದ್ದು 1937ರಲ್ಲಿ. ಆಗ ಟಿವಿ ಕೂಡ ಮನೆಮನೆಯಲ್ಲಿ ಇರಲಿಲ್ಲ. ಹೆಸರು ಮಾತ್ರ ಬದಲಾಗುತ್ತಾ ಬಂತು, ಈಗಿನ ಹೆಸರು 1987ರದು. ದೊಡ್ಡವರಾದ ಮೇಲೆ ತಾನಾಗೇ ಹೋಗುತ್ತದೆ ಅಂತ ಬಹಳ ಕಾಲ ನಂಬಿದ್ದರು, ಅದರಿಂದಾಗಿ ಒಂದಿಡೀ ತಲೆಮಾರು ಯಾರ ಕಣ್ಣಿಗೂ ಬೀಳದೆ ಉಳಿಯಿತು. ಅದರಲ್ಲೂ ಹೆಣ್ಣುಮಕ್ಕಳು. ಗಲಾಟೆ ಮಾಡುವ ಹುಡುಗನನ್ನು ಟೀಚರ್ ಗಮನಿಸುತ್ತಾರೆ, ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತ ಹುಡುಗಿಯನ್ನು ಯಾರು ಗಮನಿಸುತ್ತಾರೆ?

ಶಿಸ್ತಿನ ವಿಷಯಕ್ಕೆ ಬಂದರೆ, ಏನು ಮಾಡಬೇಕು ಅಂತ ಇವರಿಗೆ ಗೊತ್ತಿರುವುದಿಲ್ಲ ಅಂತಲ್ಲ. ಗೊತ್ತಿದ್ದದ್ದನ್ನು ಬೇಕಾದ ಹೊತ್ತಿಗೆ ಮಾಡಲು ಆಗುವುದಿಲ್ಲ. ರಸೆಲ್ ಬಾರ್ಕ್ಲಿ ಎಂಬ ಸೈಕಾಲಜಿಸ್ಟ್ ದಶಕಗಳಿಂದ ಹೇಳುತ್ತಾ ಬಂದಿರುವುದು ಇದನ್ನೇ. ಆದ್ದರಿಂದಲೇ ಬುದ್ಧಿಮಾತು ಕೆಲಸ ಮಾಡುವುದಿಲ್ಲ, ಇರುವೆಸಾಲು ಹೇಳಿದ ಆಟೋ ಡೆಬಿಟ್ ಕೆಲಸ ಮಾಡುತ್ತದೆ.

ಇನ್ನು ಪ್ರಶ್ನೆ ಹಾಕಿದವರಿಗೆ. ಇಷ್ಟೆಲ್ಲಾ ಬರೆದೆ, ಆದರೆ ಇದನ್ನು ಅಮ್ಮನ ಮುಂದೆ ಓದಬೇಡಿ! ಇಸವಿ, ಲಕ್ಷಣಗಳ ಪಟ್ಟಿ ಶುರು ಮಾಡಿದರೆ ಅದು ವಾದವಾಗುತ್ತದೆ, ಅಮ್ಮನ ಹತ್ತಿರ ವಾದದಲ್ಲಿ ಗೆದ್ದು ಏನು ಮಾಡುತ್ತೀರಿ. ಇದು ನಿಮ್ಮ ಧೈರ್ಯಕ್ಕೆ ಇಟ್ಟುಕೊಳ್ಳಿ. "ನಿನಗೆ ಫಸ್ಟ್ ಕ್ಲಾಸ್ ಬಂದಿತ್ತಲ್ಲ" ಅಂತ ಕೇಳಿಯೇ ಕೇಳುತ್ತಾರೆ. "ಬಂತು, ಪ್ರತಿ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು, ಅಳುತ್ತಾ ಓದಿ ಬಂತು, ನಿನಗೂ ನೆನಪಿರಬೇಕು" ಅನ್ನಿ. ಅಮ್ಮಂದಿರಿಗೆ ಅಧ್ಯಯನಕ್ಕಿಂತ ಅವರೇ ಕಣ್ಣಾರೆ ನೋಡಿದ್ದು ಬೇಗ ನಾಟುತ್ತದೆ.

ಕಡಲಹಕ್ಕಿ

ಅಮ್ಮನ ವಿಷಯ ನಾನು ಹೇಳುತ್ತೇನೆ. ಅಮ್ಮ ಅಳುತ್ತಾಳೆ ಅಂದಿರಲ್ಲ, ಬಹುಪಾಲು ಆ ಅಳು ನಿಮಗಾಗಿ ಅಲ್ಲ. "ನಾನು ಬೆಳೆಸಿದ್ದು ಸರಿ ಇರಲಿಲ್ಲವಾ" ಅಂತ. ಆ ಪ್ರಶ್ನೆ ಅವರು ಬಾಯಿಬಿಟ್ಟು ಕೇಳದೇ ಇರಬಹುದು, ಆದರೆ ಉತ್ತರ ನೀವು ಕೊಟ್ಟುಬಿಡಿ. ಬೆಳೆಸಿದ ರೀತಿಯಿಂದ ಎಡಿಎಚ್‌ಡಿ ಬರುವುದಿಲ್ಲ. ಸಕ್ಕರೆ ತಿನ್ನಿಸಿದ್ದರಿಂದಲೂ ಬರುವುದಿಲ್ಲ, ಟಿವಿ ನೋಡಲು ಬಿಟ್ಟಿದ್ದರಿಂದಲೂ ಅಲ್ಲ. ಬಹುಪಾಲು ವಂಶವಾಹಿಯಿಂದ ಬರುವುದು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಅನುವಂಶೀಯತೆ ಸುಮಾರು ಶೇಕಡಾ 74 ಅಂತ ಬರುತ್ತದೆ. ಹಾಗಂದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 74 ಅಂತ ಅಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿಯುತ್ತಾರೆ. ಜನರ ನಡುವೆ ಇದರಲ್ಲಿ ಕಾಣುವ ವ್ಯತ್ಯಾಸಕ್ಕೆ ಜೀನ್‌ಗಳ ಪಾಲು ಅಷ್ಟು ಅಂತ.

ಆದರೆ "ವಂಶದಿಂದ ಬಂತು" ಅನ್ನುವಾಗ ಹುಷಾರು. ಒಂದು ಅಪರಾಧ ಭಾವ ತೆಗೆಯಲು ಹೋಗಿ ಇನ್ನೊಂದನ್ನು ಕೈಗೆ ಕೊಟ್ಟಂತಾಗುತ್ತದೆ. ಯಾರ ಕಡೆಯಿಂದ ಬಂತು ಅನ್ನುವ ಚರ್ಚೆ ಶುರುವಾದರೆ ಮುಗಿಯುವುದೇ ಇಲ್ಲ!

ನಮ್ಮಪ್ಪನಿಗೆ ಹೇಳಿದಾಗ ಅವರು ಎಲ್ಲಾ ಕೇಳಿಸಿಕೊಂಡು, "ಇದೇನು ಕಾಯಿಲೆ? ನಾನೂ ಹೀಗೇ ಇರೋದು. ನನಗೇನಾಗಿದೆ?" ಅಂದರು. ಅಮ್ಮ ಆ ಕಡೆಯಿಂದ ಅವರನ್ನೇ ನೋಡುತ್ತಿದ್ದಳು. ನಾನು ನಗು ತಡೆದುಕೊಂಡೆ. ಅಪ್ಪ ಕೆಲಸ ಬದಲಾಯಿಸಿದ್ದೆಷ್ಟು ಸಲ, ಕೀಲಿಕೈ ಹುಡುಕಿದ್ದೆಷ್ಟು ಸಲ ಅಂತ ಅಮ್ಮನನ್ನೇ ಕೇಳಬೇಕು. ಈ "ನಾನೂ ಹೀಗೇ" ಅನ್ನುವ ಮಾತನ್ನು ತಳ್ಳಿಹಾಕಿದ ಹಾಗೆ ಅಂತ ಮೊದಲು ನನಗೆ ಬೇಸರವಾಗಿತ್ತು. ಈಗ ಅನ್ನಿಸುತ್ತದೆ, ಅವರು ತಮಗೆ ಗೊತ್ತಿಲ್ಲದೆ ತಮ್ಮ ಕಥೆ ಹೇಳಿದರು. ಆದರೆ ಆಗಲೇ "ಹಾಗಾದ್ರೆ ನಿಮಗೂ ಇದೆ" ಅನ್ನಬೇಡಿ. ನಿಮ್ಮ ಅಣ್ಣನಿಗೂ ಅಷ್ಟೇ. ಒಡಹುಟ್ಟಿದವರಲ್ಲಿ ಇರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಅನ್ನುವುದು ನಿಜ, ಜಾಸ್ತಿ ತಮಾಷೆ ಮಾಡುವವರು ಕೆಲವು ಸಲ ಆಮೇಲೆ ಒಬ್ಬರೇ ಬಂದು ವಿಚಾರಿಸುತ್ತಾರೆ ಅನ್ನುವುದನ್ನೂ ನೋಡಿದ್ದೇನೆ. ಅದು ಅವರಾಗೇ ಬರಬೇಕು. ಡಯಾಗ್ನೋಸಿಸ್ ಮಾಡುವುದು ನಮ್ಮ ಕೆಲಸ ಅಲ್ಲ.

ಅರ್ಧಕ್ಕೆ_ನಿಂತವಳು

ಎಲ್ಲರಿಗೂ ಥ್ಯಾಂಕ್ಸ್. @ಇರುವೆಸಾಲು, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನನ್ನ ಗಂಡ ಜೊತೆಗೇ ಬಂದಿದ್ದರು ಅಂತ ಬರೆದಿದ್ದೆನಲ್ಲ, ಅವರಿಗೂ ಈ ಬೇಸರ ಇದ್ದಿರಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. ಕೇಳಿದೆ. "ಇದೆ, ಆದರೆ ಈಗ ಬೇಡ, ನಿಧಾನಕ್ಕೆ ಮಾತಾಡೋಣ" ಅಂದರು.

ದೂರ ಆಗಿದ್ದ ಗೆಳತಿಗೆ ಬರೆದೆ. ಎದುರು ಕೂತು ಹೇಳಿದರೆ ನನಗೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಅದಕ್ಕೆ ಮೆಸೇಜೇ ಮಾಡಿದೆ. ಮೊದಲು ಇಡೀ ಪುಟ ಬರೆದಿದ್ದೆ, ನಿಧಾನಿಯವರ ಮಾತು ನೆನಪಾಗಿ ಅರ್ಧಕ್ಕಿಂತ ಜಾಸ್ತಿ ಅಳಿಸಿದೆ. ಕೊನೆಗೆ ಉಳಿದದ್ದು: ನಿನಗೆ ನೋವಾಗಿದೆ ಅಂತ ಗೊತ್ತು, ನನಗೆ ಈಗ ಎಡಿಎಚ್‌ಡಿ ಅಂತ ಗೊತ್ತಾಗಿದೆ, ಇದನ್ನು ನೀನು ಒಪ್ಪಬೇಕು ಅಂತ ಏನಿಲ್ಲ, ಆದರೆ ನಿನ್ನ ಮೆಸೇಜಿಗೆ ಉತ್ತರ ಕೊಡದೆ ಇದ್ದಾಗಲೂ ನಿನ್ನನ್ನು ಮರೆತಿರಲಿಲ್ಲ, ಭಾನುವಾರ ಫೋನ್ ಮಾಡಲಾ? ಅವಳು ಎರಡು ದಿನ ಉತ್ತರ ಕೊಡಲಿಲ್ಲ (ಆ ಎರಡು ದಿನ ಹೇಗಿತ್ತು ಅಂತ ಕೇಳಬೇಡಿ, ನಾನು ಬೇರೆಯವರನ್ನು ತಿಂಗಳುಗಟ್ಟಲೆ ಹಾಗೆ ಕಾಯಿಸಿದ್ದೇನೆ). ಆಮೇಲೆ "ಮಾಡು" ಅಂತ ಒಂದೇ ಪದ ಬಂತು. ಮಾಡಿದೆ. ಎಡಿಎಚ್‌ಡಿ ಬಗ್ಗೆ ಅವಳು ಏನೂ ಕೇಳಲಿಲ್ಲ. ಬೇರೆ ಎಲ್ಲಾ ಮಾತಾಡಿದೆವು. ಇದನ್ನು ಒಳ್ಳೆಯದು ಅಂತ ತಿಳಿಯಲಾ?

ಅಮ್ಮನಿಗೆ ಇನ್ನೂ ಹೇಳಿಲ್ಲ. ಈಗ ಹೊಸ ಭಯ, ಅಮ್ಮನಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ. ಅತ್ತೆ ಮನೆ ಕಡೆಗೂ ಹೋಗುತ್ತದೆ. ಅದರಲ್ಲೂ ಮಾತ್ರೆಯ ವಿಷಯ. ಸೈಕಿಯಾಟ್ರಿಸ್ಟ್ ಕೊಟ್ಟ ಮಾತ್ರೆ ಅಂದರೆ ನಮ್ಮವರ ತಲೆಗೆ ಬರುವುದೇ ಬೇರೆ.

ನಿಧಾನಿ

ಗೆಳತಿಯ ವಿಷಯ: ಒಳ್ಳೆಯದೇ. ಅವಳಿಗೆ ಎಡಿಎಚ್‌ಡಿ ಬೇಕಿರಲಿಲ್ಲ, ನೀವು ಬೇಕಿತ್ತು.

ಗಾಳಿಮಾತು

ಸುದ್ದಿ ಹರಡುವ ಭಯದ ಬಗ್ಗೆ ನಾನು ಹೇಳಬಲ್ಲೆ, ಯಾಕೆಂದರೆ ನನ್ನ ವಿಷಯ ನಾನು ಹೇಳುವ ಮೊದಲೇ ನಮ್ಮ ಚಿಕ್ಕಮ್ಮನ ಮೂಲಕ ಇಡೀ ಬಳಗಕ್ಕೆ ತಲುಪಿತ್ತು. ಅದೂ ಅರ್ಧಂಬರ್ಧ. "ಅವಳಿಗೆ ಏನೋ ತಲೆಗೆ ಸಂಬಂಧಪಟ್ಟಿದ್ದಂತೆ" ಅಂತ. ಆ ವರ್ಷ ನಾನು ಎಲ್ಲಿಗೆ ಹೋದರೂ ಜನ ನನ್ನ ಹತ್ತಿರ ಮೆತ್ತಗೆ, ನಿಧಾನವಾಗಿ ಮಾತಾಡುತ್ತಿದ್ದರು, ಹುಷಾರಿಲ್ಲದವರ ಹತ್ತಿರ ಮಾತಾಡುವ ಹಾಗೆ.

ಒಮ್ಮೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಆದ್ದರಿಂದ ಹೇಳುವ ಮೊದಲೇ "ಇದು ನಿನ್ನ ಹತ್ತಿರವೇ ಇರಲಿ" ಅಂತ ಕೇಳಿ. ಹೇಳಿ ಮುಗಿಸಿದ ಮೇಲೆ ಕೇಳಿದರೆ ಅದಕ್ಕೆ ಬೆಲೆ ಇಲ್ಲ. ಗಂಡನ ಹತ್ತಿರವೂ ಮಾತಾಡಿಕೊಳ್ಳಿ, ಅವರು ತಮ್ಮ ಅಮ್ಮನಿಗೆ ಏನು ಹೇಳಬಹುದು, ಏನು ಹೇಳಬಾರದು ಅಂತ. ಅದು ನಿಮ್ಮ ವಿಷಯ, ಅವರದ್ದಲ್ಲ, ಆದರೆ ಗಂಡಂದಿರಿಗೆ ಈ ವ್ಯತ್ಯಾಸ ಹೊಳೆಯುವುದು ತಡ.

ಆದರೂ ಹೊರಗೆ ಬಂದುಬಿಟ್ಟರೆ? ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗೊತ್ತಲ್ಲ. 2016ರಲ್ಲಿ, ರಿಯೊ ಒಲಿಂಪಿಕ್ಸ್ ಮುಗಿದ ಮೇಲೆ, ಹ್ಯಾಕರುಗಳು ಆಟಗಾರರ ವೈದ್ಯಕೀಯ ದಾಖಲೆಗಳನ್ನು ಕದ್ದು ಹೊರಹಾಕಿದರು. ಅದರಲ್ಲಿ ಅವರು ತೆಗೆದುಕೊಳ್ಳುವ ಔಷಧಿಯ ವಿವರವೂ ಇತ್ತು. ಅವರು ಅಡಗಿಕೊಳ್ಳಲಿಲ್ಲ. ನನಗೆ ಎಡಿಎಚ್‌ಡಿ ಇದೆ, ಚಿಕ್ಕಂದಿನಿಂದ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ ಅಂತ ಬರೆದರು. ಅನುಮತಿ ಪಡೆದೇ ಅದನ್ನು ತೆಗೆದುಕೊಳ್ಳುತ್ತಿದ್ದರು, ನಿಯಮ ಮುರಿದಿರಲಿಲ್ಲ. ನಾವೇನು ಒಲಿಂಪಿಕ್ಸ್ ಗೆದ್ದವರಲ್ಲ, ನಮ್ಮ ಹಿಂದೆ ಪದಕಗಳು ನಿಂತಿರುವುದಿಲ್ಲ, ಹಾಗಾಗಿ ಅವರ ಧೈರ್ಯ ನಮಗೂ ಬರಲಿ ಅಂತ ಹೇಳುವುದು ಸುಲಭ ಅಲ್ಲ. ಆದರೆ ಅವರ ಉತ್ತರದ ಅಳತೆ ನೋಡಿ. ಎರಡು ಮೂರು ವಾಕ್ಯ. ಅಂಥದ್ದೊಂದು ಸಿದ್ಧವಾಗಿ ಇಟ್ಟುಕೊಳ್ಳಿ. ನನ್ನದು: "ಹೌದು, ಗಮನಕ್ಕೆ ಸಂಬಂಧಿಸಿದ್ದು, ಡಾಕ್ಟರ್ ನೋಡ್ತಿದ್ದಾರೆ, ಚೆನ್ನಾಗಿದೀನಿ." ಅಷ್ಟು ಹೇಳಿ ನೀವು ಹೇಗಿದ್ದೀರಿ ಅಂತ ತಿರುಗಿ ಕೇಳುತ್ತೇನೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಅವರ ಬಗ್ಗೆ ಮಾತಾಡುವುದೇ ಇಷ್ಟ.

ಆಫೀಸಿನಲ್ಲಿ ಹೇಳುವುದು ಪೂರಾ ಬೇರೆ ವಿಷಯ. ಮನೆಯಲ್ಲಿ ಚೆನ್ನಾಗಿ ಆಯಿತು ಅನ್ನುವ ಉಮೇದಿನಲ್ಲಿ ಅಲ್ಲಿ ಬಾಯಿ ಬಿಡಬೇಡಿ.

ಹಳೇಪೆನ್ನು

ಮಾತ್ರೆಯ ಬಗ್ಗೆ. ಹೇಳಲೇಬೇಕು ಅಂತ ಇಲ್ಲ. ಆದರೆ ಜೊತೆಗೆ ಇರುವವರಿಗೆ ಒಬ್ಬರಿಗಾದರೂ ಗೊತ್ತಿರಲಿ, ಹೆಚ್ಚುಕಡಿಮೆ ಆದಾಗ ಆಸ್ಪತ್ರೆಯಲ್ಲಿ ಹೇಳಲು. ನಿಮ್ಮ ಗಂಡನಿಗೆ ಗೊತ್ತು, ಅಷ್ಟು ಸಾಕು. ಬೇರೆ ಯಾವುದೇ ಡಾಕ್ಟರ್ ಹತ್ತಿರ ಹೋದಾಗ ಮಾತ್ರ ಮುಚ್ಚಿಡಬೇಡಿ.

ಅಮ್ಮ ಕೇಳುವ ಮೊದಲ ಪ್ರಶ್ನೆ "ಇದು ಚಟ ಆಗಲ್ವಾ?" ಅಂತ ಇರುತ್ತದೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಅನ್ನುವ ಸ್ಟಿಮ್ಯುಲೆಂಟ್ ಔಷಧಿಯನ್ನು ಮೊದಲು ತಯಾರಿಸಿದ್ದು 1944ರಲ್ಲಿ, 1950ರ ದಶಕದಿಂದ ಬಳಕೆಯಲ್ಲಿದೆ. ದುರುಪಯೋಗ ಆಗಬಹುದು ಅಂತಲೇ ಅದನ್ನು ಕೊಡುವಾಗ ಕಟ್ಟುನಿಟ್ಟು ಇರುತ್ತದೆ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ಹೇಳಿದ ರೀತಿಯಲ್ಲಿ ತೆಗೆದುಕೊಳ್ಳುವವರಿಗೆ ಚಟ ಹತ್ತುವ ಅಪಾಯ ಕಡಿಮೆ. ಚಿಕ್ಕ ಡೋಸಿನಿಂದ ಶುರು ಮಾಡಿ, ಬಿಪಿ, ಹೃದಯದ ಬಡಿತ ನೋಡುತ್ತಾ ಹೆಚ್ಚಿಸುತ್ತಾರೆ. ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನೀವು ಸ್ವಲ್ಪ ತೆಳ್ಳಗಾದ ದಿನ ಅಮ್ಮ ಗಾಬರಿಯಾಗುತ್ತಾರೆ. ನಿಮಗೆ ಕೊಟ್ಟಿರುವುದು ಅಟೊಮೊಕ್ಸೆಟಿನ್ ಆಗಿದ್ದರೆ ಅದು ಸ್ಟಿಮ್ಯುಲೆಂಟ್ ಅಲ್ಲ, ಅದರ ಪರಿಣಾಮ ಪೂರ್ತಿ ಕಾಣಲು ವಾರಗಳೇ ಬೇಕು, ಅಷ್ಟರಲ್ಲಿ ಮನೆಯವರು "ಏನೂ ಬದಲಾಗಿಲ್ಲವಲ್ಲ" ಅಂತ ತೀರ್ಪು ಕೊಟ್ಟಿರುತ್ತಾರೆ. ಡೋಸು ಹೊಂದಿಕೊಂಡ ಮೇಲೆ ಹೇಳಿದರೂ ನಡೆಯುತ್ತದೆ.

ಇನ್ನೊಂದು, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಗೊತ್ತಾದ ಮೇಲೆ ಸಿಟ್ಟು ಮಾಡಿಕೊಂಡಾಗಲೆಲ್ಲ "ಇವತ್ತು ಮಾತ್ರೆ ತಗೊಂಡಿಲ್ವಾ?" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಮೊದಲ ಸಲವೇ ತಡೆಯಿರಿ. ನಗುತ್ತಾ ಬೇಡ, ನೇರವಾಗಿ.

ಸುಮ್ನೆ_ಬಂದೆ

ಕೆಮ್ಮಿನ ಉದಾಹರಣೆ ಅರ್ಥವಾಯಿತು. ದೊಡ್ಡವರಲ್ಲಿ ಎಡಿಎಚ್‌ಡಿ ಲಕ್ಷಣ ನೋಡಲು ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಪ್ರಶ್ನಾವಳಿ ಅಂತ ಒಂದಿದೆಯಂತೆ, 18 ಪ್ರಶ್ನೆಗಳದ್ದು. ಸುಮ್ನೆ ನೋಡೋಣ ಅಂತ ತುಂಬಿದೆ. ನಾನು ಬೇರೇನೂ ಹೇಳುವುದಿಲ್ಲ ಈಗ.

ಹಳೇಪೆನ್ನು

ಅದು ಜರಡಿ ಮಾತ್ರ, ಅದರಿಂದಲೇ ಏನೂ ತೀರ್ಮಾನ ಆಗುವುದಿಲ್ಲ. ಅಂಕ ಜಾಸ್ತಿ ಬಂದಿದ್ದರೆ ಒಮ್ಮೆ ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಬಂದು ಹೇಳಬೇಕು ಅಂತೇನೂ ಇಲ್ಲ.

ಅರ್ಧಕ್ಕೆ_ನಿಂತವಳು

ಅಮ್ಮನಿಗೆ ಹೇಳಿದೆ. ಫೋನಿನಲ್ಲಿ ಬೇಡ ಅಂತ ಹೋಗಿಯೇ ಹೇಳಿದೆ. ಗಾಳಿಮಾತು ಹೇಳಿದ ಹಾಗೆ ಮೊದಲು ಆಣೆ ಭಾಷೆ ತೆಗೆದುಕೊಂಡೆ, ಎಷ್ಟು ದಿನ ಇರುತ್ತದೋ ನೋಡೋಣ.

ಅಳಲಿಲ್ಲ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ನಾನು ನಿನಗೆ ತುಂಬಾ ಬೈದಿದೀನಿ ಅಲ್ವಾ" ಅಂದಳು. ಕಡಲಹಕ್ಕಿಯವರೇ, ನಿಮ್ಮ ಮಾತನ್ನೇ ಹೇಳಿದೆ, ನೀನು ಬೆಳೆಸಿದ್ದರಿಂದ ಬಂದದ್ದಲ್ಲ ಅಂತ. ಬೈದಿಲ್ಲ ಅಂತ ಹೇಳಲಿಲ್ಲ, ಬೈದಿದ್ದು ನಿಜ. ಅವಳಿಗೂ ಗೊತ್ತು. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳು. ಮಾತ್ರೆ ಎಷ್ಟು ದಿನ, ಜೀವನಪೂರ್ತಿನಾ, ನಾಳೆ ಮಗು ಬೇಕು ಅಂದರೆ ತೊಂದರೆಯಾ, ಮಗುವಿಗೂ ಬರುತ್ತಾ, ಅಣ್ಣ ಚಿಕ್ಕಂದಿನಲ್ಲಿ ಒಂದು ನಿಮಿಷ ಕೂರುತ್ತಿರಲಿಲ್ಲ ಅವನಿಗೂ ಇದೆಯಾ. ಅರ್ಧಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ನಾನೂ ಬರುತ್ತೇನೆ ಅಂದಿದ್ದಾಳೆ. ಕರೆದುಕೊಂಡು ಹೋಗಲಾ? ನನಗೆ ಅಲ್ಲಿ ಮಾತಾಡುವುದೇ ಬೇರೆ ಇರುತ್ತದೆ, ಅದೆಲ್ಲಾ ಅಮ್ಮನ ಎದುರು ಆಗುವುದಿಲ್ಲ.

ಕಡಲಹಕ್ಕಿ

ಕರೆದುಕೊಂಡು ಹೋಗಿ, ಆದರೆ ಪೂರ್ತಿ ಹೊತ್ತಿಗೆ ಬೇಡ. ಮೊದಲೇ ಡಾಕ್ಟರಿಗೆ ಹೇಳಿ, ಕೊನೆಯ ಹತ್ತು ನಿಮಿಷ ಅಮ್ಮನನ್ನು ಒಳಗೆ ಕರೆಯುತ್ತೇನೆ, ಅವರ ಪ್ರಶ್ನೆಗೆ ನೀವೇ ಉತ್ತರ ಕೊಡಿ ಅಂತ. ಮುಂಚಿನ ಹೊತ್ತು ನಿಮ್ಮದು. ಡಾಕ್ಟರ್ ನಿಮ್ಮ ಒಪ್ಪಿಗೆ ಇಲ್ಲದ ವಿಷಯ ಅಮ್ಮನ ಮುಂದೆ ಎತ್ತಬಾರದು, ಯಾವುದು ಬೇಡ ಅಂತ ನೀವೇ ಮುಂಚೆ ಹೇಳಿಡಿ. ಮಗುವಿನ ಪ್ರಶ್ನೆಯನ್ನು ಮಾತ್ರ ನೀವೇ ಕೇಳಿ, ಬಸಿರಿಗೆ ಯೋಚಿಸುವಾಗ ಮಾತ್ರೆಯ ಬಗ್ಗೆ ಮೊದಲೇ ಮಾತಾಡಬೇಕಾಗುತ್ತದೆ, ಸ್ವಂತ ತೀರ್ಮಾನಕ್ಕೆ ನಿಲ್ಲಿಸುವುದು, ಮುಂದುವರಿಸುವುದು ಎರಡೂ ಬೇಡ.

ಅಮ್ಮನ ಪ್ರಶ್ನೆಗಳನ್ನು ಈಗಲೇ ಒಂದು ಹಾಳೆಯಲ್ಲಿ ಬರೆಸಿ ಅವರ ಪರ್ಸಿನಲ್ಲೇ ಇಡಿಸಿ. ನಿಮ್ಮ ಹತ್ತಿರ ಬೇಡ, ಕಳೆದುಹೋಗುತ್ತದೆ :)